ಯುದ್ಧದ ಸಾಲ, ಮತದ ವಸೂಲಿ

2024ರ ಫೆಬ್ರುವರಿ 27ರಂದು ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಡೆಮಾಕ್ರಟಿಕ್ ಪಕ್ಷದ ಪ್ರೈಮರಿ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಒಳಚುನಾವಣೆ ನಡೆಯಿತು. ಗೆಲ್ಲುವವರು ಯಾರು ಎಂಬ ಕುತೂಹಲ ಯಾರಿಗೂ ಇರಲಿಲ್ಲ. ಅಧ್ಯಕ್ಷ ಜೋ ಬೈಡನ್ ಎದುರು ಹೇಳಿಕೊಳ್ಳುವಂಥ ಎದುರಾಳಿಯೇ ಇರಲಿಲ್ಲ. ಶೇ 81ರಷ್ಟು ಮತ ಅವರಿಗೇ ಬಿತ್ತು. ಆದರೂ ಮರುದಿನ ಪತ್ರಿಕೆ, ಟಿ.ವಿ.ಗಳ ಗಮನವೆಲ್ಲ ಮತಪತ್ರದಲ್ಲಿ ಅಭ್ಯರ್ಥಿಗಳ ಹೆಸರಿನ ಜೊತೆ ಅಚ್ಚಾಗಿದ್ದ ಇನ್ನೊಂದು ಸಾಲಿನ ಮೇಲಿತ್ತು. ಆ ಸಾಲು ‘ಅನ್‌ಕಮಿಟೆಡ್’. ಯಾರಿಗೂ ಬದ್ಧನಲ್ಲ ಎಂದು ಹೇಳುವ ಆಯ್ಕೆ. ಒಂದು ಲಕ್ಷಕ್ಕೂ ಹೆಚ್ಚು ಡೆಮಾಕ್ರಟಿಕ್ ಮತದಾರರು, ಅಂದರೆ ಶೇ 13ರಷ್ಟು ಮಂದಿ, ತಮ್ಮದೇ ಪಕ್ಷದ ಅಧ್ಯಕ್ಷರನ್ನು ಬಿಟ್ಟು ಆ ಸಾಲಿನ ಮುಂದೆ ಗುರುತು ಹಾಕಿದ್ದರು. ಕಾರಣ ಒಂದೇ: ಗಾಜಾ. ಇಸ್ರೇಲಿಗೆ ಶಸ್ತ್ರ ಕಳಿಸುವುದನ್ನು ನಿಲ್ಲಿಸಿ, ಕದನ ವಿರಾಮ ತನ್ನಿ, ಇಲ್ಲದಿದ್ದರೆ ನವೆಂಬರಿನಲ್ಲಿ ನಮ್ಮ ಮತ ಕೇಳಬೇಡಿ ಎಂಬ ಎಚ್ಚರಿಕೆ.

ನಮ್ಮವರಿಗೆ ಇದು ನೋಟಾ ಇದ್ದಂತೆ ಕಾಣಬಹುದು. ಹೋಲಿಕೆ ಅರ್ಧ ಮಾತ್ರ ಸರಿ. 2013ರಲ್ಲಿ ಸುಪ್ರೀಂ ಕೋರ್ಟ್ ಆದೇಶದಿಂದ ನಮಗೆ ಸಿಕ್ಕ ನೋಟಾ ಅಸಮಾಧಾನವನ್ನು ದಾಖಲಿಸುತ್ತದೆ, ಅಷ್ಟೇ. ಕ್ಷೇತ್ರದಲ್ಲಿ ಅದಕ್ಕೇ ಅತಿ ಹೆಚ್ಚು ಮತ ಬಿದ್ದರೂ ಅದರ ನಂತರದ ಅಭ್ಯರ್ಥಿ ಗೆಲ್ಲುತ್ತಾನೆ. ಡೆಮಾಕ್ರಟಿಕ್ ಪ್ರೈಮರಿಯ ‘ಅನ್‌ಕಮಿಟೆಡ್’ಗೆ ಸ್ವಲ್ಪ ಹಲ್ಲಿದೆ. ಒಂದು ಕ್ಷೇತ್ರದಲ್ಲೋ ಇಡೀ ರಾಜ್ಯದಲ್ಲೋ ಶೇ 15ರ ಗಡಿ ದಾಟಿದರೆ ಅದರ ಪಾಲಿಗೆ ಅಭ್ಯರ್ಥಿಯನ್ನು ವಿಧಿವತ್ತಾಗಿ ಆರಿಸುವ ಪ್ರತಿನಿಧಿಗಳು, ಅಂದರೆ ಡೆಲಿಗೇಟ್‌ಗಳು ಸಿಗುತ್ತಾರೆ. ಅವರು ಪಕ್ಷದ ರಾಷ್ಟ್ರೀಯ ಸಮಾವೇಶಕ್ಕೆ ಹೋಗಿ ಕೂರಬಹುದು, ಮಾತಾಡಲು ಅವಕಾಶ ಕೇಳಬಹುದು. ಇನ್ನೂ ಮುಖ್ಯವಾದ ವ್ಯತ್ಯಾಸವೊಂದಿದೆ. ನಮ್ಮಲ್ಲಿ ಟಿಕೆಟ್ ಕೊಡುವುದು ಹೈಕಮಾಂಡ್. ಅಲ್ಲಿ ಟಿಕೆಟ್ ಯಾರಿಗೆ ಎಂದು ತೀರ್ಮಾನಿಸುವ ಹಂತದಲ್ಲೇ ಮತದಾರನಿಗೆ ಒಂದು ಮಾತು ಆಡುವ ಅವಕಾಶವಿದೆ. ಆ ಅವಕಾಶ ಎಲ್ಲಿಂದ ಬಂತು ಎಂಬುದೂ ಒಂದು ಯುದ್ಧದ ಕಥೆಯೇ. ಅದಕ್ಕೆ ಮುಂದೆ ಬರುತ್ತೇನೆ.

ಮಿಷಿಗನ್‌ನ ಚಳವಳಿಗಾರರು ಕೇಳಿದ್ದು 10,000 ಮತ. ಈ ಸಂಖ್ಯೆಯನ್ನು ಸುಮ್ಮನೆ ಹೇಳಿದ್ದಲ್ಲ. 2016ರಲ್ಲಿ ಡೊನಾಲ್ಡ್ ಟ್ರಂಪ್ ಆ ರಾಜ್ಯವನ್ನು ಗೆದ್ದದ್ದು ಹತ್ತಿರಹತ್ತಿರ ಅಷ್ಟೇ ಅಂತರದಿಂದ, 10,704 ಮತಗಳಿಂದ. ‘ನಿಮ್ಮನ್ನು ಸೋಲಿಸಲು ನಾವೆಷ್ಟು ಜನ ಬೇಕೋ ಅಷ್ಟು ಜನ ಇದ್ದೇವೆ’ ಎಂದು ತೋರಿಸುವುದಷ್ಟೇ ಅವರ ಉದ್ದೇಶ. ಬಂದದ್ದು ಅದರ ಹತ್ತರಷ್ಟು. ಅರಬ್ ಮೂಲದವರು ದೊಡ್ಡ ಸಂಖ್ಯೆಯಲ್ಲಿರುವ ಡಿಯರ್‌ಬಾರ್ನ್ ನಗರದಲ್ಲಂತೂ ‘ಅನ್‌ಕಮಿಟೆಡ್’ ಬೈಡನ್ ಅವರನ್ನೇ ಹಿಂದೆ ಹಾಕಿತು.

ದೀರ್ಘ ಯುದ್ಧವೊಂದಕ್ಕೆ ಬೆಂಬಲ ಕೊಟ್ಟರೆಂದು ಅಧ್ಯಕ್ಷ ಅಭ್ಯರ್ಥಿಯೊಬ್ಬರನ್ನು ವಿರೋಧಿಸುವುದು ಅಮೆರಿಕದಲ್ಲಿ ಹೊಸತಲ್ಲ. ಅದು ಫಲ ಕೊಡುತ್ತದೆಯೇ ಎಂಬ ಪ್ರಶ್ನೆಗೆ ಮಾತ್ರ ಎರಡು ಸಿದ್ಧ ಉತ್ತರಗಳು ಚಾಲ್ತಿಯಲ್ಲಿವೆ. ಒಂದು, ‘ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತೆ, ಇದರಿಂದ ಇನ್ನೂ ಕೆಟ್ಟವನು ಗೆಲ್ಲುತ್ತಾನೆ.’ ಇನ್ನೊಂದು, ‘ಆತ್ಮಸಾಕ್ಷಿಯ ಮತಕ್ಕೆ ಲಾಭನಷ್ಟದ ಲೆಕ್ಕ ಇಲ್ಲ.’ ಎರಡರಲ್ಲೂ ಆಲಸ್ಯ ಇದೆ. ಲೆಕ್ಕ ಇದೆ; ಆದರೆ ಅದು ಬೇರೆ ಊರಿನ, ಬೇರೆ ವರ್ಷದ ಖಾತೆಯಲ್ಲಿ ಜಮೆಯಾಗುತ್ತದೆ. ಯುದ್ಧಕ್ಕೆ ಸಹಿ ಹಾಕಿದವರು ಒಬ್ಬರು, ಮತದಲ್ಲಿ ಬೆಲೆ ತೆರುವವರು ಇನ್ನೊಬ್ಬರು, ಲಾಭ ಹೊಡೆಯುವವರು ಮೂರನೆಯವರು. ಮೂರು ಯುದ್ಧಗಳ ಉದಾಹರಣೆಯಲ್ಲಿ ಇದನ್ನು ನೋಡೋಣ.

ಮೊದಲು ವಿಯೆಟ್ನಾಂ. 1967ರ ಹೊತ್ತಿಗೆ ಅಧ್ಯಕ್ಷ ಲಿಂಡನ್ ಜಾನ್ಸನ್ ಅಲ್ಲಿಗೆ ಕಳಿಸಿದ್ದ ಸೈನಿಕರ ಸಂಖ್ಯೆ ಐದು ಲಕ್ಷದ ಹತ್ತಿರ ಬಂದಿತ್ತು. ಕಡ್ಡಾಯ ಸೈನ್ಯ ಸೇವೆ ಜಾರಿಯಲ್ಲಿದ್ದ ಕಾಲ. ಯುದ್ಧ ಎಂದರೆ ಯಾವುದೇ ಮನೆಗೆ ಬರಬಹುದಾದ ಒಂದು ಕಾಗದ. ಜಾನ್ಸನ್ ಅವರನ್ನು ಅವರದೇ ಪಕ್ಷದಲ್ಲಿ ಎದುರಿಸಲು ಒಬ್ಬ ಅಭ್ಯರ್ಥಿ ಬೇಕೆಂದು ಅಲರ್ಡ್ ಲೋವೆನ್‌ಸ್ಟೀನ್ ಎಂಬ ಚಳವಳಿಗಾರ ಬಾಗಿಲು ಬಾಗಿಲು ತಟ್ಟಿದರು. ರಾಬರ್ಟ್ ಕೆನಡಿ ಒಲ್ಲೆ ಎಂದರು. ಜಾರ್ಜ್ ಮೆಕ್‌ಗವರ್ನ್ ಒಲ್ಲೆ ಎಂದರು. ಕೊನೆಗೆ ಒಪ್ಪಿದ್ದು ಮಿನೆಸೋಟದ ಸೆನೆಟರ್ ಯೂಜೀನ್ ಮೆಕಾರ್ಥಿ. ಕವಿತೆ ಬರೆಯುವ, ಭಾಷಣದಲ್ಲಿ ಗುಡುಗಲು ಬಾರದ ಮನುಷ್ಯ. ವಿದ್ಯಾರ್ಥಿಗಳು ಉದ್ದ ಕೂದಲು ಕತ್ತರಿಸಿ, ಗಡ್ಡ ಬೋಳಿಸಿ, ನ್ಯೂ ಹ್ಯಾಂಪ್‌ಶೈರ್‌ನ ಹಿಮದಲ್ಲಿ ಮನೆಮನೆಗೆ ಹೋಗಿ ಅವರ ಪರ ಮತ ಕೇಳಿದರು.

ಆ ಜನವರಿಯ ಕೊನೆಯಲ್ಲಿ ವಿಯೆಟ್ನಾಮೀಯರ ಹೊಸ ವರ್ಷದ ಟೆಟ್ ಹಬ್ಬದ ಹೊತ್ತಿಗೆ ದಕ್ಷಿಣ ವಿಯೆಟ್ನಾಂನ ಊರೂರಿನ ಮೇಲೆ ಕಮ್ಯುನಿಸ್ಟ್ ಪಡೆಗಳ ದಾಳಿ ನಡೆಯಿತು. ಗೆಲುವು ಹತ್ತಿರದಲ್ಲಿದೆ ಎನ್ನುತ್ತಿದ್ದ ಸರ್ಕಾರದ ಮಾತಿಗೆ ಬೆಲೆ ಉಳಿಯಲಿಲ್ಲ. ಟಿ.ವಿ. ವಾರ್ತೆಯ ವಾಲ್ಟರ್ ಕ್ರಾಂಕೈಟ್ ‘ಈ ಯುದ್ಧ ಗೆಲ್ಲಲಾಗದ ಬಿಕ್ಕಟ್ಟಿನಲ್ಲಿ ಸಿಕ್ಕಿಕೊಂಡಿದೆ’ ಎಂಬ ಅರ್ಥದ ಮಾತಾಡಿದ್ದು ಫೆಬ್ರುವರಿ 27ರಂದು. (ಮಿಷಿಗನ್ ಪ್ರೈಮರಿಯ ದಿನವೂ ಅದೇ ತಾರೀಕು. ಕಾಕತಾಳೀಯ, ಆದರೆ ಮರೆಯಲಾಗದ್ದು.) ಮಾರ್ಚ್ 12ರಂದು ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಮೆಕಾರ್ಥಿಗೆ ಸುಮಾರು ಶೇ 42, ಜಾನ್ಸನ್‌ಗೆ ಶೇ 49ರಷ್ಟು ಮತ ಬಿತ್ತು. ಗೆದ್ದವರು ಜಾನ್ಸನ್. ಎಲ್ಲರೂ ಸೋತವರೆಂದು ಓದಿಕೊಂಡದ್ದೂ ಜಾನ್ಸನ್ ಅವರನ್ನೇ. ನಾಲ್ಕು ದಿನಕ್ಕೆ, ಮೊದಲು ಒಲ್ಲೆ ಎಂದಿದ್ದ ರಾಬರ್ಟ್ ಕೆನಡಿ ಕಣಕ್ಕಿಳಿದರು. ಮಾರ್ಚ್ 31ರ ರಾತ್ರಿ ಟಿ.ವಿ.ಯಲ್ಲಿ ಬಾಂಬ್ ದಾಳಿ ಕಡಿಮೆ ಮಾಡುವ ಮಾತಾಡುತ್ತ ಬಂದ ಜಾನ್ಸನ್, ಕೊನೆಯಲ್ಲಿ ತಾವು ಮತ್ತೆ ಸ್ಪರ್ಧಿಸುವುದಿಲ್ಲ ಎಂದುಬಿಟ್ಟರು.

ಯುದ್ಧವಿರೋಧಿ ಮತದ ಶಕ್ತಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ ಎಂದು ಇಂದಿಗೂ ಹೇಳುವವರಿದ್ದಾರೆ. ಇಲ್ಲಿ ಒಂದು ತೊಡಕಿದೆ. ಆಮೇಲೆ ನಡೆದ ಮತದಾರರ ಅಧ್ಯಯನಗಳಲ್ಲಿ ಗೊತ್ತಾದದ್ದೇನೆಂದರೆ, ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಮೆಕಾರ್ಥಿಗೆ ಮತ ಕೊಟ್ಟ ಬಹಳಷ್ಟು ಮಂದಿಗೆ ಜಾನ್ಸನ್ ಮೇಲಿದ್ದ ಸಿಟ್ಟು ಯುದ್ಧ ಮಾಡಿದ್ದಕ್ಕಲ್ಲ, ಸಾಕಷ್ಟು ಜೋರಾಗಿ ಮಾಡದಿದ್ದಕ್ಕೆ! ಮತಕ್ಕೆ ಬಾಯಿಲ್ಲ. ಅದು ಹೌದು ಅಥವಾ ಅಲ್ಲ ಎನ್ನಬಲ್ಲದು. ಯಾಕೆ ಎಂಬುದನ್ನು ಎಣಿಸುವವರು ತಮಗೆ ಬೇಕಾದಂತೆ ಬರೆದುಕೊಳ್ಳುತ್ತಾರೆ. ಆ ದೃಷ್ಟಿಯಿಂದ ಮಿಷಿಗನ್‌ನವರು ಜಾಣರು. ‘ಅನ್‌ಕಮಿಟೆಡ್’ ಎಂಬ ಖಾಲಿ ಸಾಲಿಗೆ ಒಂದೇ ಅರ್ಥ ಬರುವಂತೆ ಅವರು ಮೊದಲೇ ಸಾರಿ ಹೇಳಿದ್ದರು.

1968ಕ್ಕೆ ಮರಳಿದರೆ, ಜಾನ್ಸನ್ ಹೋದರು, ಯುದ್ಧ ಹೋಗಲಿಲ್ಲ. ಅವರ ಜಾಗಕ್ಕೆ ಬಂದವರು ಉಪಾಧ್ಯಕ್ಷ ಹ್ಯೂಬರ್ಟ್ ಹಂಫ್ರಿ. ಜೂನ್‌ನಲ್ಲಿ ಕೆನಡಿಯ ಕೊಲೆಯಾಯಿತು. ಒಂದೇ ಒಂದು ಪ್ರೈಮರಿಯಲ್ಲೂ ಸ್ಪರ್ಧಿಸದ ಹಂಫ್ರಿಗೆ ಪಕ್ಷದ ಯಜಮಾನರು ಶಿಕಾಗೋ ಸಮಾವೇಶದಲ್ಲಿ ಟಿಕೆಟ್ ಕೊಟ್ಟರು. ಬಾಂಬ್ ದಾಳಿ ನಿಲ್ಲಿಸಬೇಕೆಂಬ ಶಾಂತಿ ನಿರ್ಣಯ ಒಳಗೆ ಸೋತಿತು. ಹೊರಗೆ ಪೊಲೀಸರು ಪ್ರತಿಭಟನಾಕಾರರ ತಲೆ ಒಡೆಯುವುದನ್ನು ದೇಶವೇ ಟಿ.ವಿ.ಯಲ್ಲಿ ನೋಡಿತು. ಹಂಫ್ರಿಯವರದು ಅತ್ತ ದರಿ ಇತ್ತ ಪುಲಿ ಎಂಬ ಸ್ಥಿತಿ. ಅಧ್ಯಕ್ಷರ ಮಾತು ಮೀರಿದರೆ ದ್ರೋಹಿ, ಮೀರದಿದ್ದರೆ ನೆರಳು. ಸೆಪ್ಟೆಂಬರ್ 30ರಂದು ಸಾಲ್ಟ್ ಲೇಕ್ ಸಿಟಿಯಲ್ಲಿ, ತಾವು ಗೆದ್ದರೆ ಉತ್ತರ ವಿಯೆಟ್ನಾಂ ಮೇಲಿನ ಬಾಂಬ್ ದಾಳಿ ನಿಲ್ಲಿಸುವುದಾಗಿ ಅಷ್ಟಿಷ್ಟು ಬಿಡಿಸಿ ಹೇಳಿದರು. ಅಲ್ಲಿಂದ ಅವರ ಬೆಂಬಲ ಏರತೊಡಗಿತು. ಮೆಕಾರ್ಥಿ ಮಾತ್ರ ಮುನಿಸಿಕೊಂಡು ಕೂತಿದ್ದವರು, ಅರೆಮನಸ್ಸಿನ ಬೆಂಬಲ ಘೋಷಿಸಿದ್ದು ಚುನಾವಣೆಗೆ ಒಂದು ವಾರ ಇದ್ದಾಗ. ನವೆಂಬರ್ 5ರಂದು ರಿಪಬ್ಲಿಕನ್ ಪಕ್ಷದ ರಿಚರ್ಡ್ ನಿಕ್ಸನ್ ಸುಮಾರು ಐದು ಲಕ್ಷ ಮತಗಳಿಂದ, ಶೇ 1ಕ್ಕಿಂತ ಕಡಿಮೆ ಅಂತರದಿಂದ ಗೆದ್ದರು.

ನಿಕ್ಸನ್ ಬಂದದ್ದು ಗೌರವದ ಶಾಂತಿ ತರುತ್ತೇನೆ ಎಂದು. ಮತದಾನಕ್ಕೆ ಕೆಲವೇ ದಿನ ಮೊದಲು ಶಾಂತಿ ಮಾತುಕತೆ ಮುಂದುವರಿಯದಂತೆ ಅಡ್ಡಗಾಲು ಹಾಕಲು ಅವರ ಕಡೆಯಿಂದ ದಕ್ಷಿಣ ವಿಯೆಟ್ನಾಂಗೆ ಸಂದೇಶ ಹೋಗಿತ್ತು. ಅವರ ಆಪ್ತ ಹಾಲ್ಡಮನ್ ಬರೆದಿಟ್ಟುಕೊಂಡ ಟಿಪ್ಪಣಿಗಳು ದಶಕಗಳ ನಂತರ ಅದನ್ನು ಬಯಲಿಗೆಳೆದವು. ವಿಯೆಟ್ನಾಂನಲ್ಲಿ ಸತ್ತ 58 ಸಾವಿರ ಚಿಲ್ಲರೆ ಅಮೆರಿಕನ್ನರಲ್ಲಿ ಸುಮಾರು 21 ಸಾವಿರ ಮಂದಿ ಸತ್ತದ್ದು ಜಾನ್ಸನ್ ಹೋದ ಮೇಲೆ. ಸತ್ತ ವಿಯೆಟ್ನಾಮೀಯರ ಲೆಕ್ಕ ಲಕ್ಷಗಳಲ್ಲಿ. ಪ್ಯಾರಿಸ್ ಒಪ್ಪಂದ ಆಗಲು 1973ರ ಜನವರಿ ಬರಬೇಕಾಯಿತು.

ಹಾಗಾದರೆ ಆ ಹಿಮದಲ್ಲಿ ನಡೆದವರಿಗೆ ದಕ್ಕಿದ್ದೇನು? ಶಾಂತಿಯಲ್ಲ, ಬಾಗಿಲು. ಶಿಕಾಗೋದ ಅವಮಾನದ ನಂತರ ಡೆಮಾಕ್ರಟಿಕ್ ಪಕ್ಷ ಮೆಕ್‌ಗವರ್ನ್ ಮತ್ತು ಫ್ರೇಸರ್ ನೇತೃತ್ವದಲ್ಲಿ ಒಂದು ಆಯೋಗ ರಚಿಸಿತು. ಅದು ಟಿಕೆಟ್ ಹಂಚುವ ಅಧಿಕಾರವನ್ನು ಯಜಮಾನರ ಕೋಣೆಯಿಂದ ಹೊರಗೆ ತಂದು ಪ್ರೈಮರಿ ಮತದಾರನ ಕೈಗೆ ಕೊಟ್ಟಿತು. ಇಂದು ನಾವು ನೋಡುವ ಪ್ರೈಮರಿಗಳ ಸಾಲು, ಅಯೋವಾದ ಗದ್ದಲ, ಡೆಲಿಗೇಟ್ ಲೆಕ್ಕ, ಎಲ್ಲ ಆಮೇಲಿನದು. ಮೊದಲ ಬಾರಿಗೆ ಆ ಬಾಗಿಲಿನಿಂದ ಒಳಗೆ ಬಂದವರು ಮೆಕ್‌ಗವರ್ನ್ ಅವರೇ. 1972ರಲ್ಲಿ ಯುದ್ಧ ನಿಲ್ಲಿಸುವುದೇ ಅವರ ಮುಖ್ಯ ಘೋಷಣೆ. 49 ರಾಜ್ಯಗಳಲ್ಲಿ ಸೋತರು. ಪಕ್ಷದೊಳಗೆ ಯುದ್ಧವಿರೋಧಿಗಳು ಗೆಲ್ಲುವುದು ಬೇರೆ, ದೇಶದಲ್ಲಿ ಗೆಲ್ಲುವುದು ಬೇರೆ ಎಂಬ ಪಾಠವನ್ನು ಡೆಮಾಕ್ರಟಿಕ್ ಮುಖಂಡರು ಆ ವರ್ಷ ಕಲಿತರು. ಆಮೇಲೆ ಮೂರು ದಶಕ ಅದನ್ನು ಮರೆಯಲಿಲ್ಲ. ಮರೆಯದೇ ಇದ್ದದ್ದೇ ಅವರಿಗೆ ಮುಳುವಾಯಿತು.

2002ರ ಅಕ್ಟೋಬರ್. ಇರಾಕ್ ಮೇಲೆ ಯುದ್ಧಕ್ಕೆ ಜಾರ್ಜ್ ಬುಷ್‌ಗೆ ಅಧಿಕಾರ ಕೊಡುವ ನಿರ್ಣಯ ಸೆನೆಟ್‌ನಲ್ಲಿ 77–23 ಮತಗಳಿಂದ ಪಾಸಾಯಿತು. ಅಧ್ಯಕ್ಷ ಪದವಿಯ ಆಸೆ ಇದ್ದ ಡೆಮಾಕ್ರಟರಲ್ಲಿ ಹೆಚ್ಚಿನವರು ಹೌದು ಎಂದರು: ಜಾನ್ ಕೆರ್ರಿ, ಜಾನ್ ಎಡ್ವರ್ಡ್ಸ್, ಜೋ ಬೈಡನ್, ಹಿಲರಿ ಕ್ಲಿಂಟನ್. ಮೃದು ಎನಿಸಿಕೊಳ್ಳಬಾರದು ಎಂಬ ಮೆಕ್‌ಗವರ್ನ್ ಭಯ. ಅದೇ ತಿಂಗಳು ಶಿಕಾಗೋದ ಒಂದು ಸಭೆಯಲ್ಲಿ ಇಲಿನಾಯ್ ರಾಜ್ಯದ ಶಾಸಕನೊಬ್ಬ, ತನಗೆ ಎಲ್ಲ ಯುದ್ಧಗಳ ಮೇಲೂ ವಿರೋಧ ಇಲ್ಲ, ಮೂರ್ಖ ಯುದ್ಧದ ಮೇಲೆ ಮಾತ್ರ ಎಂದು ಭಾಷಣ ಮಾಡಿದ. ಬರಾಕ್ ಒಬಾಮ ಎಂಬ ಆ ಹೆಸರು ಆಗ ಶಿಕಾಗೋ ದಾಟಿದರೆ ಯಾರಿಗೂ ಗೊತ್ತಿರಲಿಲ್ಲ.

ಐದು ವರ್ಷ ಕಳೆದ ಮೇಲೆ ಆ ಭಾಷಣವೇ ಅವನ ಬಂಡವಾಳ. ಹಿಲರಿ ತಮ್ಮ ಮತ ತಪ್ಪಾಗಿತ್ತು ಎಂದು ಪ್ರಚಾರದ ಉದ್ದಕ್ಕೂ ಬಾಯಿಬಿಟ್ಟು ಹೇಳಲಿಲ್ಲ. ಆಗ ಗೊತ್ತಿದ್ದದ್ದು ಅಷ್ಟೇ, ಈಗ ಗೊತ್ತಿರುವುದು ಆಗ ಗೊತ್ತಿದ್ದರೆ ಹಾಗೆ ಮಾಡುತ್ತಿರಲಿಲ್ಲ ಎಂಬ ಸುತ್ತುಬಳಸು. ಎಡ್ವರ್ಡ್ಸ್ 2005ರಲ್ಲೇ ತಪ್ಪೊಪ್ಪಿಕೊಂಡಿದ್ದರು. 2008ರ ಜನವರಿ 3ರಂದು, ಅಭ್ಯರ್ಥಿ ಆಯ್ಕೆಯ ಮೊದಲ ಸುತ್ತು ನಡೆದ ಅಯೋವಾದಲ್ಲಿ ಒಬಾಮ ಮೊದಲ ಸ್ಥಾನ, ತಪ್ಪೊಪ್ಪಿಕೊಂಡವರು ಎರಡನೆಯದು, ಒಪ್ಪಿಕೊಳ್ಳದವರು ಕೂದಲೆಳೆಯಲ್ಲಿ ಮೂರನೆಯದು. ಇರಾಕ್ ಒಂದೇ ಕಾರಣ ಎನ್ನಲಾಗದು. ಆದರೆ ಇರಾಕ್ ಇಲ್ಲದಿದ್ದರೆ ಒಬಾಮನಿಗೆ ಹಿಲರಿ ಎದುರು ನಿಲ್ಲಲು ಒಂದು ನೆಪವೂ ಇರುತ್ತಿರಲಿಲ್ಲ.

ಆ ವರ್ಷ ರಿಪಬ್ಲಿಕನ್ ಜಾನ್ ಮೆಕೇನ್ ಪಾಡು ಇನ್ನೊಂದು ಬಗೆ. ನ್ಯೂ ಹ್ಯಾಂಪ್‌ಶೈರ್‌ನ ಡೆರ್ರಿ ಎಂಬಲ್ಲಿ, ಸೈನ್ಯ ಇರಾಕಿನಲ್ಲಿ ಐವತ್ತು ವರ್ಷ ಇರಬೇಕಾದೀತೇ ಎಂದು ಒಬ್ಬ ಕೇಳಿದ. ನೂರೇ ಇರಲಿ ಬಿಡಿ ಎಂದುಬಿಟ್ಟರು ಮೆಕೇನ್. ಅವರು ಮುಂದುವರಿಸಿ ಹೇಳಿದ್ದು ಜಪಾನ್, ದಕ್ಷಿಣ ಕೊರಿಯಾಗಳಲ್ಲಿ ಇರುವಂತೆ, ಸೈನಿಕರಿಗೆ ಸಾವುನೋವು ಇಲ್ಲದಿದ್ದರೆ ಎಂದು. ಎದುರಾಳಿಗಳು ಬಾಲ ಕತ್ತರಿಸಿ ತಲೆಯನ್ನಷ್ಟೇ ಜಾಹೀರಾತಿಗೆ ಹಾಕಿದರು: ನೂರು ವರ್ಷದ ಯುದ್ಧ ಬೇಕೆನ್ನುವ ಅಭ್ಯರ್ಥಿ. ಮೆಕೇನ್ ಮೇಲಿನ ಈ ಆರೋಪ ನ್ಯಾಯವಾದದ್ದಲ್ಲ ಎಂದೇ ನನ್ನ ಅನಿಸಿಕೆ. ಆದರೆ ಅದು ಅಂಟಿಕೊಂಡದ್ದು ಯಾಕೆಂದರೆ, ‘ಸಾವುನೋವು ಇಲ್ಲದಿದ್ದರೆ’ ಎಂಬ ಷರತ್ತು ಐದು ವರ್ಷವಾದರೂ ಈಡೇರಿರಲಿಲ್ಲ.

ಸರಿ, ಒಬಾಮ ಗೆದ್ದರು. ಇರಾಕಿನಿಂದ ಸೈನ್ಯ 2011ರ ಕೊನೆಗೆ ಹೊರಬಂತು. ಆ ಗಡುವು ಬರೆದದ್ದು 2008ರ ನವೆಂಬರಿನಲ್ಲಿ ಇರಾಕ್ ಜೊತೆ ಒಪ್ಪಂದಕ್ಕೆ ಸಹಿ ಹಾಕಿದ ಬುಷ್ ಸರ್ಕಾರ! ಇತ್ತ ಅಫ್ಗಾನಿಸ್ತಾನಕ್ಕೆ ಒಬಾಮ 2009ರ ಡಿಸೆಂಬರಿನಲ್ಲಿ ಇನ್ನೂ 30,000 ಸೈನಿಕರನ್ನು ಕಳಿಸಿದರು. ಮೂರ್ಖ ಯುದ್ಧ ಬೇಡ ಎಂದವರ ಬಳಿ ಜಾಣ ಯುದ್ಧವೊಂದು ಇತ್ತು.

ಸಾಲದ ಬಡ್ಡಿ ಅಲ್ಲಿಗೂ ಮುಗಿಯಲಿಲ್ಲ. 2016ರ ಫೆಬ್ರುವರಿಯಲ್ಲಿ ಸೌತ್ ಕೆರೊಲಿನಾದಲ್ಲಿ ರಿಪಬ್ಲಿಕನ್ ಅಭ್ಯರ್ಥಿಗಳ ಚರ್ಚೆಯಲ್ಲಿ ಟ್ರಂಪ್ ಇರಾಕ್ ಯುದ್ಧ ದೊಡ್ಡ ತಪ್ಪು ಎಂದು ಜಾರ್ಜ್ ಬುಷ್ ಅವರ ತಮ್ಮ ಜೆಬ್ ಮುಖಕ್ಕೇ ಹೇಳಿದರು. ಸಭಾಂಗಣದಲ್ಲಿ ಛೀಮಾರಿ, ಮತಗಟ್ಟೆಯಲ್ಲಿ ಗೆಲುವು. ಆಮೇಲೆ ಅದೇ ಅಸ್ತ್ರ ಹಿಲರಿ ಮೇಲೆ. ತಾನು ಮೊದಲಿನಿಂದಲೂ ವಿರೋಧಿ ಎಂಬ ಟ್ರಂಪ್ ಮಾತು ನಿಜವಲ್ಲ. 2002ರ ಒಂದು ರೇಡಿಯೋ ಸಂದರ್ಶನದಲ್ಲಿ ಅವರೂ ಯುದ್ಧಕ್ಕೆ ಹೂಂಗುಟ್ಟಿದ್ದರು. ಯಾರಿಗೂ ಅದು ಬೇಕಿರಲಿಲ್ಲ. ಡಗ್ಲಸ್ ಕ್ರೈನರ್ ಮತ್ತು ಫ್ರಾನ್ಸಿಸ್ ಶೆನ್ ಎಂಬ ಇಬ್ಬರು ವಿದ್ವಾಂಸರು ಆ ಚುನಾವಣೆಯ ಬಳಿಕ ಒಂದು ಲೆಕ್ಕ ಮಾಡಿದರು. ಇರಾಕ್, ಅಫ್ಗಾನ್ ಯುದ್ಧಗಳಲ್ಲಿ ಹೆಚ್ಚು ಮಕ್ಕಳನ್ನು ಕಳೆದುಕೊಂಡ ಊರುಗಳು ಟ್ರಂಪ್ ಕಡೆಗೆ ಹೆಚ್ಚು ವಾಲಿದ್ದವು; ಪೆನ್ಸಿಲ್ವೇನಿಯ, ಮಿಷಿಗನ್, ವಿಸ್ಕಾನ್ಸಿನ್‌ಗಳಲ್ಲಿ ಸಾವುಗಳು ಕಡಿಮೆ ಇದ್ದಿದ್ದರೆ ಫಲಿತಾಂಶ ಬದಲಾಗಬಹುದಿತ್ತು ಎಂಬುದು ಅವರ ವಾದ. ವಾದವನ್ನು ಪೂರ್ತಿ ಒಪ್ಪಬೇಕಿಲ್ಲ. ಆದರೆ 2002ರಲ್ಲಿ ಕೈಯೆತ್ತಿದ ಒಂದು ಮತಕ್ಕೆ ಒಬ್ಬಳೇ ವ್ಯಕ್ತಿ ಎರಡು ಬಾರಿ ಬೆಲೆ ತೆತ್ತಿದ್ದು ಕಣ್ಣಿಗೆ ಕಾಣುತ್ತದೆ. ಯುದ್ಧ ಮಾಡಿದ ಬುಷ್ ಮಾತ್ರ 2004ರಲ್ಲಿ ಮರು ಆಯ್ಕೆಯಾಗಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಇಷ್ಟು ಹಿನ್ನೆಲೆಯೊಂದಿಗೆ 2024ರ ಶಿಕಾಗೋಗೆ ಬನ್ನಿ. ಮತ್ತೆ ಶಿಕಾಗೋ, ಮತ್ತೆ ಆಗಸ್ಟ್, ಮತ್ತೆ ಡೆಮಾಕ್ರಟಿಕ್ ಸಮಾವೇಶ. ಮತ್ತೆ ಅಧ್ಯಕ್ಷರು ಹಿಂದೆ ಸರಿದು (ಈ ಬಾರಿ ಯುದ್ಧದಿಂದಲ್ಲ, ವಯಸ್ಸಿನಿಂದ), ಪ್ರೈಮರಿ ಎದುರಿಸದ ಉಪಾಧ್ಯಕ್ಷರೊಬ್ಬರಿಗೆ ಟಿಕೆಟ್. ಕಮಲಾ ಹ್ಯಾರಿಸ್ ಕೂತದ್ದು ಹಂಫ್ರಿ ಕೂತಿದ್ದ ಕುರ್ಚಿಯಲ್ಲೇ. ‘ಅನ್‌ಕಮಿಟೆಡ್’ ಡೆಲಿಗೇಟ್‌ಗಳು ಸುಮಾರು ಮೂವತ್ತು ಮಂದಿ, ನಾಲ್ಕು ಸಾವಿರಕ್ಕೂ ಹೆಚ್ಚಿನವರ ಸಭೆಯಲ್ಲಿ. ಅವರು ಕೇಳಿದ್ದು ಒಬ್ಬ ಪ್ಯಾಲೆಸ್ಟೀನ್ ಮೂಲದ ಅಮೆರಿಕನ್‌ಗೆ ವೇದಿಕೆಯ ಮೇಲೆ ಕೆಲವು ನಿಮಿಷ. ಜಾರ್ಜಿಯಾದ ಶಾಸಕಿ ರುವಾ ರೊಮ್ಮಾನ್ ಹ್ಯಾರಿಸ್‌ಗೇ ಮತ ಕೇಳುವ ಸೌಮ್ಯ ಭಾಷಣ ಬರೆದು ಸಿದ್ಧವಾಗಿದ್ದರು. ಹಮಾಸ್ ಕೈಯಲ್ಲಿ ಒತ್ತೆಯಾಳಾಗಿದ್ದ ಯುವಕನ ತಂದೆತಾಯಿಗೆ ಮಾತಾಡಲು ಅವಕಾಶ ಸಿಕ್ಕಿತು, ಸಿಗಬೇಕಾದದ್ದೇ. ಇವರಿಗೆ ಸಿಗಲಿಲ್ಲ. ಸಭಾಂಗಣದ ಹೊರಗೆ ಕಾಲುದಾರಿಯ ಮೇಲೆ ರಾತ್ರಿಯಿಡೀ ಕೂತರು.

ಹ್ಯಾರಿಸ್ ತಮ್ಮ ಭಾಷಣದಲ್ಲಿ ಇಸ್ರೇಲಿನ ಆತ್ಮರಕ್ಷಣೆಯ ಹಕ್ಕಿನ ಪರ ಸದಾ ನಿಲ್ಲುವುದಾಗಿ ಹೇಳಿದರು. ಗಾಜಾದಲ್ಲಿ ಆಗಿರುವುದು ಹೃದಯವಿದ್ರಾವಕ ಎಂದೂ ಹೇಳಿದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಒಂದು ವಾರದ ನಂತರ ಟಿ.ವಿ. ಸಂದರ್ಶನದಲ್ಲಿ ಶಸ್ತ್ರ ಪೂರೈಕೆಯ ನೀತಿ ಬದಲಾಗುತ್ತದೆಯೇ ಎಂದು ಕೇಳಿದಾಗ ಇಲ್ಲ ಎಂದರು. ಅಕ್ಟೋಬರಿನಲ್ಲಿ, ಬೈಡನ್‌ಗಿಂತ ನೀವು ಏನನ್ನು ಬೇರೆ ರೀತಿ ಮಾಡುತ್ತಿದ್ದಿರಿ ಎಂಬ ಪ್ರಶ್ನೆಗೆ ಅವರಿಗೆ ಏನೂ ಹೊಳೆಯಲಿಲ್ಲ. ಹಂಫ್ರಿಗೆ ಕೊನೆಗಾದರೂ ಒಂದು ಸಾಲ್ಟ್ ಲೇಕ್ ಸಿಟಿ ಇತ್ತು.

ಅವರು ಯಾಕೆ ಕದಲಲಿಲ್ಲ? ಎದುರಿನ ತಕ್ಕಡಿಯಲ್ಲೂ ಭಾರ ಇತ್ತು. ಅದೇ ವರ್ಷದ ಜೂನ್‌ನಲ್ಲಿ ನ್ಯೂಯಾರ್ಕ್‌ನ ಸಂಸದ ಜಮಾಲ್ ಬೋಮನ್, ಆಗಸ್ಟ್‌ನಲ್ಲಿ ಮಿಸೌರಿಯ ಕೋರಿ ಬುಷ್ ತಮ್ಮದೇ ಪಕ್ಷದ ಪ್ರೈಮರಿಯಲ್ಲಿ ಸೋತಿದ್ದರು. ಇಬ್ಬರೂ ಇಸ್ರೇಲ್ ನೀತಿಯ ಕಟು ಟೀಕಾಕಾರರು. ಬೋಮನ್ ಒಬ್ಬರ ವಿರುದ್ಧವೇ ಇಸ್ರೇಲ್ ಪರ ಗುಂಪಾದ ಏಪ್ಯಾಕ್‌ನ ರಾಜಕೀಯ ನಿಧಿ ಸುಮಾರು ಒಂದೂವರೆ ಕೋಟಿ ಡಾಲರ್ ಸುರಿದಿತ್ತು. ಅಭ್ಯರ್ಥಿಯ ಲೆಕ್ಕ ಸರಳ: ಯುದ್ಧ ವಿರೋಧಿಸಿದರೆ ಬೀಳುವ ಪೆಟ್ಟು ಈಗಲೇ, ಇಲ್ಲೇ, ನಗದು. ಬೆಂಬಲಿಸಿದರೆ ಬೀಳುವ ಪೆಟ್ಟು ಮುಂದೆ ಎಂದೋ, ಉದ್ರಿ. ಯಾವ ವ್ಯಾಪಾರಿಯೂ ಉದ್ರಿಯನ್ನೇ ಆರಿಸಿಕೊಳ್ಳುತ್ತಾನೆ.

ಒಂದು ಆಯ್ಕೆ ಮಾತ್ರ ನನಗೆ ಇಂದಿಗೂ ಅರ್ಥವಾಗಿಲ್ಲ. ಅಕ್ಟೋಬರ್ 21ರಂದು ಹ್ಯಾರಿಸ್ ಮಿಷಿಗನ್‌ಗೆ ಮತ ಕೇಳಲು ಹೋದದ್ದು ಲಿಝ್ ಚೇನಿಯವರನ್ನು ಜೊತೆಗೆ ಕೂರಿಸಿಕೊಂಡು. ಇರಾಕ್ ಯುದ್ಧದ ಮುಖ್ಯ ರೂವಾರಿ ಡಿಕ್ ಚೇನಿಯ ಮಗಳು. ಟ್ರಂಪ್ ಒಲ್ಲದ ರಿಪಬ್ಲಿಕನ್ನರನ್ನು ಸೆಳೆಯುವುದು ಉದ್ದೇಶ, ಸರಿ. ಆದರೆ ಬಾಗ್ದಾದಿನಿಂದ ಓಡಿಬಂದು ನೆಲೆಸಿದವರು ಸಾವಿರಾರು ಮಂದಿ ಇರುವ ಡೆಟ್ರಾಯಿಟ್ ಸುತ್ತಮುತ್ತ! ಟ್ರಂಪ್ ಅದನ್ನು ಬಿಡುತ್ತಾರೆಯೇ. ನವೆಂಬರ್ 1ರಂದು ಅವರು ಖುದ್ದಾಗಿ ಡಿಯರ್‌ಬಾರ್ನ್‌ಗೆ ಬಂದರು, ಶಾಂತಿ ತರುತ್ತೇನೆ ಎಂದರು. ಹ್ಯಾರಿಸ್ ಅಲ್ಲಿಗೆ ಸಭೆ ಮಾಡಲು ಬರಲಿಲ್ಲ.

ಇಲ್ಲಿ ಮತದ ಗಣಿತವನ್ನು ಒಂದು ನಿಮಿಷ ನೋಡಬೇಕು. ತನ್ನ ಪಕ್ಷದ ಅಭ್ಯರ್ಥಿಗೆ ಬುದ್ಧಿ ಕಲಿಸಲು ಹೊರಟವನು ಮನೆಯಲ್ಲೇ ಕೂತರೆ ಅಂತರ ಒಂದು ಮತದಷ್ಟು ಬದಲಾಗುತ್ತದೆ. ಗೆಲ್ಲುವ ಸಾಧ್ಯತೆ ಇಲ್ಲದ ಮೂರನೆಯವರಿಗೆ ಕೊಟ್ಟರೂ ಅಷ್ಟೇ. ನೇರ ಎದುರಾಳಿಗೆ ಕೊಟ್ಟರೆ ಎರಡು: ಇಲ್ಲಿ ಒಂದು ಕಡಿಮೆ, ಅಲ್ಲಿ ಒಂದು ಹೆಚ್ಚು. ‘ಅನ್‌ಕಮಿಟೆಡ್’ ಮುಖಂಡರು ಈ ಗಣಿತದ ನಡುವೆ ಸಿಕ್ಕಿಬಿದ್ದರು. ಸೆಪ್ಟೆಂಬರ್ 19ರಂದು ಹೊರಡಿಸಿದ ಹೇಳಿಕೆಯಲ್ಲಿ ಹ್ಯಾರಿಸ್‌ಗೆ ಬೆಂಬಲ ಇಲ್ಲ ಎಂದರು, ಟ್ರಂಪ್‌ಗೆ ವಿರೋಧ ಎಂದರು, ಮೂರನೆಯವರಿಗೆ ಕೊಡಿ ಎಂದೂ ಹೇಳುವುದಿಲ್ಲ ಎಂದರು. ಪ್ರೈಮರಿಯಲ್ಲಿ ಹರಿತವಾಗಿದ್ದ ಚಾಕು ಅಂತಿಮ ಕಣದಲ್ಲಿ ಹಿಡಿಕೆಯಷ್ಟೇ ಉಳಿಯಿತು. ಜನ ತಮಗೆ ತೋಚಿದಂತೆ ಮಾಡಿದರು. 2020ರಲ್ಲಿ ಡಿಯರ್‌ಬಾರ್ನ್‌ನಲ್ಲಿ ಬೈಡನ್‌ಗೆ ಶೇ 69ರಷ್ಟು ಮತ ಬಿದ್ದಿತ್ತು. 2024ರಲ್ಲಿ ಟ್ರಂಪ್‌ಗೆ ಸುಮಾರು ಶೇ 42, ಹ್ಯಾರಿಸ್‌ಗೆ 36, ಗ್ರೀನ್ ಪಕ್ಷದ ಜಿಲ್ ಸ್ಟೈನ್‌ಗೆ 18. ಅದೇ ದಿನ, ಅದೇ ಮತಪತ್ರದಲ್ಲಿ, ಅದೇ ಊರು ಡೆಮಾಕ್ರಟಿಕ್ ಸಂಸದೆ ರಶೀದಾ ತ್ಲೈಬ್ ಅವರಿಗೆ ಶೇ 60ಕ್ಕೂ ಹೆಚ್ಚು ಮತ ಕೊಟ್ಟಿತು. ಪಕ್ಷದ ಮೇಲೆ ಸಿಟ್ಟಲ್ಲ, ಅಭ್ಯರ್ಥಿಯ ಮೇಲೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಪುರಾವೆ ಸಿಗದು.

ಹಾಗೆಂದು ಹ್ಯಾರಿಸ್ ಸೋತದ್ದು ಗಾಜಾದಿಂದ ಎನ್ನುವುದು ಅಂಕಿಗಳ ಮುಂದೆ ನಿಲ್ಲುವುದಿಲ್ಲ. ಮಿಷಿಗನ್‌ನಲ್ಲಿ ಸೋಲಿನ ಅಂತರ ಸುಮಾರು 80,000. ಡಿಯರ್‌ಬಾರ್ನ್‌ನಲ್ಲಿ ಚಲಾವಣೆಯಾದ ಒಟ್ಟು ಮತಗಳೇ ಅದರ ಅರ್ಧದಷ್ಟು. ಹ್ಯಾರಿಸ್ ಮಿಷಿಗನ್ ಗೆದ್ದಿದ್ದರೂ, ರಾಜ್ಯವಾರು ಗೆಲುವಿಗೆ ಸಿಗುವ ಎಲೆಕ್ಟೊರಲ್ ಮತಗಳ ಲೆಕ್ಕದಲ್ಲಿ ಟ್ರಂಪ್ ಖಾತೆಯ 312ರಲ್ಲಿ 15 ಕಳೆದು 297 ಉಳಿಯುತ್ತಿತ್ತು, ಬೇಕಾದದ್ದು 270. ಯಾವ ಪಕ್ಷದ ಕಡೆಗೂ ವಾಲಬಹುದಾದ ಏಳೂ ಸ್ವಿಂಗ್ ರಾಜ್ಯಗಳನ್ನು ಕಳೆದುಕೊಂಡದ್ದಕ್ಕೆ ದಿನಸಿ ಬೆಲೆ, ಮನೆ ಬಾಡಿಗೆ, ವಲಸೆ ಹೆಚ್ಚು ದೊಡ್ಡ ಕಾರಣಗಳು. 1968ರ ಹೋಲಿಕೆ ಸೋರುವುದೂ ಇಲ್ಲೇ. ಆಗ ಸಾಯುತ್ತಿದ್ದವರು ಪ್ರತಿ ಊರಿನ ಅಮೆರಿಕನ್ ಹುಡುಗರು. ಗಾಜಾದಲ್ಲಿ ಸುರಿಯುತ್ತಿದ್ದದ್ದು ಅಮೆರಿಕದ ಬಾಂಬು, ಸಾಯುತ್ತಿದ್ದವರು ಬೇರೆಯವರು. ಹೆಚ್ಚಿನ ಅಮೆರಿಕನ್ನರ ಪಾಲಿಗೆ ಅದು ಮೊಬೈಲಿನೊಳಗಿನ ಯುದ್ಧ. ಡಿಯರ್‌ಬಾರ್ನ್‌ನ ಮನೆಗಳಿಗೆ ಮಾತ್ರ ಅದು ಸಂಬಂಧಿಕರ ಸಾವಿನ ಸುದ್ದಿಯಾಗಿ ಬರುತ್ತಿತ್ತು.

ಆಮೇಲಿನದು ಕಹಿ. 2025ರ ಜನವರಿ 19ರಂದು ಕದನ ವಿರಾಮ ಬಂತು; ಬೈಡನ್ ತಂಡವೂ ಟ್ರಂಪ್ ದೂತನೂ ಕೂಡಿ ತಂದದ್ದು. ಕೆಲವೇ ದಿನದಲ್ಲಿ, ಬೈಡನ್ ತಡೆಹಿಡಿದಿದ್ದ 2,000 ಪೌಂಡ್ ಬಾಂಬುಗಳ ಕಂತನ್ನು ಟ್ರಂಪ್ ಬಿಡುಗಡೆ ಮಾಡಿದರು. ಫೆಬ್ರುವರಿಯಲ್ಲಿ ಗಾಜಾದ ಜನರನ್ನು ತೆರವು ಮಾಡಿಸಿ ಅಮೆರಿಕವೇ ಅದನ್ನು ವಹಿಸಿಕೊಳ್ಳುತ್ತದೆ ಎಂದರು. ಟ್ರಂಪ್ ಪರ ಅರಬ್ ಅಮೆರಿಕನ್ನರು ಎಂದು ಕರೆದುಕೊಳ್ಳುತ್ತಿದ್ದ ಗುಂಪು ತನ್ನ ಹೆಸರಿನಿಂದ ಟ್ರಂಪ್ ತೆಗೆದು ಶಾಂತಿ ಎಂದು ಹಾಕಿಕೊಂಡಿತು. ಮಾರ್ಚ್ 18ರಂದು ಇಸ್ರೇಲ್ ದಾಳಿಯೊಂದಿಗೆ ಕದನ ವಿರಾಮ ಮುರಿಯಿತು. ಜೂನ್‌ನಲ್ಲಿ ಯೆಮನ್ ಸೇರಿದಂತೆ 12 ದೇಶಗಳ ಪ್ರಜೆಗಳಿಗೆ ಅಮೆರಿಕ ಪ್ರವೇಶ ಬಂದ್. ಡಿಯರ್‌ಬಾರ್ನ್, ಹ್ಯಾಮ್‌ಟ್ರಾಮಿಕ್‌ಗಳಲ್ಲಿ ಯೆಮನ್ ಮೂಲದ ಕುಟುಂಬಗಳು ಲೆಕ್ಕವಿಲ್ಲದಷ್ಟಿವೆ. ಅದೇ ತಿಂಗಳು ಇರಾನಿನ ಅಣು ಕೇಂದ್ರಗಳಿರುವ ಫೋರ್ಡೊ, ನತಾಂಜ್, ಇಸ್ಫಹಾನ್‌ಗಳ ಮೇಲೆ ಅಮೆರಿಕದ ಬಾಂಬು. ಮುಂದಿನ ಕದನ ವಿರಾಮ ಬರುವ ಅಕ್ಟೋಬರ್ ಹೊತ್ತಿಗೆ ಗಾಜಾದ ಆರೋಗ್ಯ ಸಚಿವಾಲಯದ ಲೆಕ್ಕದಲ್ಲಿ ಸತ್ತವರು 67,000 ದಾಟಿದ್ದರು. ಅಮೆರಿಕದ ಮತದಾನದ ದಿನ ಆ ಸಂಖ್ಯೆ ಸುಮಾರು 43,000 ಇತ್ತು.

ಮೂಗು ಕೊಯ್ದುಕೊಂಡ ಗಾದೆ ಹೇಳಿದವರಿಗೆ ಇಷ್ಟು ಸಾಕು. ‘ನಾವು ಆಗಲೇ ಹೇಳಲಿಲ್ಲವೇ’ ಎಂಬ ಬರಹಗಳ ಸುರಿಮಳೆಯಾಯಿತು. ಆದರೆ ಅವರು ನೋಡದ ಇನ್ನೊಂದು ಪುಟ ಇದೆ. ಇಸ್ರೇಲಿಗೆ ಕೆಲವು ಶಸ್ತ್ರಗಳ ಮಾರಾಟ ತಡೆಯಬೇಕೆಂಬ ಸೆನೆಟರ್ ಬರ್ನಿ ಸ್ಯಾಂಡರ್ಸ್ ನಿರ್ಣಯಗಳು 2024ರ ನವೆಂಬರಿನಲ್ಲಿ, ಚುನಾವಣೆ ಮುಗಿದ ಎರಡೇ ವಾರಕ್ಕೆ ಸೆನೆಟ್‌ಗೆ ಬಂದಾಗ ಅತಿ ಹೆಚ್ಚೆಂದರೆ 19 ಮತ ಸಿಕ್ಕಿದ್ದವು. 2025ರ ಜುಲೈ 30ರಂದು ಅಂಥದೇ ನಿರ್ಣಯಕ್ಕೆ 27 ಸಿಕ್ಕವು; ಡೆಮಾಕ್ರಟಿಕ್ ಬಣದ 47 ಮಂದಿಯಲ್ಲಿ ಅರ್ಧಕ್ಕಿಂತ ಹೆಚ್ಚು. ನಿರ್ಣಯ ಸೋತಿತು. ಅದಕ್ಕೂ ಒಂದು ತಿಂಗಳು ಮೊದಲು, ಅಮೆರಿಕದ ಅತಿ ಹೆಚ್ಚು ಯಹೂದಿಗಳಿರುವ ನ್ಯೂಯಾರ್ಕ್ ನಗರದ ಪ್ರೈಮರಿಯಲ್ಲಿ, ಗಾಜಾ ಕುರಿತು ಮುಚ್ಚುಮರೆ ಇಲ್ಲದೆ ಮಾತಾಡುವ ಜೊಹ್ರಾನ್ ಮಮ್ದಾನಿ ಮಾಜಿ ಗವರ್ನರ್ ಆಂಡ್ರ್ಯೂ ಕ್ಯೂಮೊ ಅವರನ್ನು ಸೋಲಿಸಿದ್ದರು. ನವೆಂಬರಿನಲ್ಲಿ ಮೇಯರ್ ಸ್ಥಾನವನ್ನೂ ಗೆದ್ದರು. ಅವರ ಪ್ರಚಾರದ ಮುಖ್ಯ ವಿಷಯ ಬಾಡಿಗೆ ಮತ್ತು ಬಸ್ಸು, ಗಾಜಾ ಅಲ್ಲ. ಗಾಜಾ ಮಾತಾಡಿದರೆ ಮುಗಿದೇ ಹೋಯಿತು ಎಂಬ ಭಯಕ್ಕೆ ಅಲ್ಲೊಂದು ಬಿರುಕು ಬಿತ್ತು, ಅಷ್ಟೇ. ನಗದು ಪೆಟ್ಟು ಮೊದಲಿನಷ್ಟು ಖಚಿತವಲ್ಲ ಎಂದಾದರೆ ಉದ್ರಿಯ ಲೆಕ್ಕವೂ ಬದಲಾಗುತ್ತದೆ.

ಈಗ ಮಿಷಿಗನ್‌ನಲ್ಲೇ ಮತ್ತೊಂದು ಪ್ರೈಮರಿ, 2026ರ ಆಗಸ್ಟ್‌ಗೆ ನಿಗದಿಯಾದದ್ದು, ಖಾಲಿಯಾಗುವ ಸೆನೆಟ್ ಸ್ಥಾನವೊಂದಕ್ಕೆ. ಆ ಟಿಕೆಟ್‌ಗೆ ಇಳಿದವರಲ್ಲಿ ಇಸ್ರೇಲಿನ ಹಳೆಯ ಸ್ನೇಹಿತೆ ಎಂದು ಹೆಸರಾದ ಸಂಸದೆ ಹೇಲಿ ಸ್ಟೀವನ್ಸ್ ಇದ್ದಾರೆ. 2024ರಲ್ಲಿ ‘ಅನ್‌ಕಮಿಟೆಡ್’ ಮತಕ್ಕೆ ಬೆಂಬಲ ಕೊಟ್ಟಿದ್ದ ವೈದ್ಯ ಅಬ್ದುಲ್ ಎಲ್-ಸಯೀದ್ ಇದ್ದಾರೆ. ಗಾಜಾಗೆ ಏನು ಹೆಸರಿಡುತ್ತೀರಿ, ಏಪ್ಯಾಕ್ ಹಣ ತೆಗೆದುಕೊಳ್ಳುತ್ತೀರಾ ಎಂಬ ಪ್ರಶ್ನೆಗಳನ್ನು ಅಲ್ಲಿ ಅಭ್ಯರ್ಥಿಗಳು ಸಭೆಯಿಂದ ಸಭೆಗೆ ಎದುರಿಸಬೇಕಾಗಿದೆ. ಬೈಡನ್ ಮತ್ತು ಹ್ಯಾರಿಸ್ ಕಣದಲ್ಲಿಲ್ಲ.